ಹೊಳೆಯ ನೀರು, ಚರಂಡಿಯ ನೀರು

ಹರಿಹರದಲ್ಲಿ ಒಂದು ಹನಿ ಬೀಳದ ದಿನವೂ ಗಂಗಾನಗರದ ಮನೆಗಳಿಗೆ ನೀರು ನುಗ್ಗಬಹುದು. ಅದು ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಯ ಕಡೆ ಸುರಿದ ಮಳೆ. ತುಂಗೆ ಗಾಜನೂರು ದಾಟಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಹೊನ್ನಾಳಿ ಹಾದು ಇಲ್ಲಿಗೆ ಬರುತ್ತದೆ. ಗಾಜನೂರಿನ ಅಣೆಕಟ್ಟೆ ಹಿಡಿಯುವುದು ಮೂರು ಟಿಎಂಸಿ ಚಿಲ್ಲರೆ ಮಾತ್ರ. ಮುಂಗಾರು ಬಲವಾದ ಕೆಲವೇ ದಿನಕ್ಕೆ ತುಂಬಿ, ಬಂದ ನೀರನ್ನು ಬಂದಂತೆ ಕೆಳಗೆ ಬಿಡುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದ್ದು 71.5 ಟಿಎಂಸಿ, ತುಂಬುವ ತನಕ ಅದು ತನ್ನ ಪಾಲನ್ನು ತಡೆದು ನಮ್ಮನ್ನು ಕಾಯುತ್ತದೆ. ಎರಡೂ ಕಡೆ ಗೇಟು ಎತ್ತಿದರೆಂದರೆ ಹೊಳೆದಂಡೆಯವರು ಗಂಟುಮೂಟೆ ಕಟ್ಟಬೇಕು. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿದಾಗ ಹರಿಹರದ ತಗ್ಗು ಪ್ರದೇಶದವರು ಮನೆ ಬಿಟ್ಟು ಬರಬೇಕಾಯಿತು.

ಹದಿನಾಲ್ಕು ಕಿಲೋಮೀಟರ್ ಆಚೆಯ ದಾವಣಗೆರೆಗೆ ಹೊಳೆಯ ಭಯವಿಲ್ಲ. ಅಲ್ಲಿ ತೊಂದರೆ ಕೊಡುವುದು ಭರಣಿ, ಕೃತ್ತಿಕೆಯ ಗುಡುಗುಮಳೆ, ಮತ್ತೆ ಹಿಂಗಾರಿನ ಚಿತ್ತೆ. ಎರೆಮಣ್ಣು ಒಮ್ಮೆ ನೆನೆದು ಬಿರುಕು ಮುಚ್ಚಿಕೊಂಡರೆ ನೀರು ಇಂಗುವುದು ತೀರಾ ನಿಧಾನ. ಪ್ಲಾಸ್ಟಿಕ್ ಕಟ್ಟಿದ ಚರಂಡಿ ಉಕ್ಕಿ, ಅರ್ಧ ಗಂಟೆಯಲ್ಲಿ ಹೊಸ್ತಿಲು ದಾಟಿಬಿಡುತ್ತದೆ.

ಹೊಳೆ ಮುನ್ಸೂಚನೆ ಕೊಡುತ್ತದೆ, ಚರಂಡಿ ಕೊಡುವುದಿಲ್ಲ. ತಯಾರಿಯೂ ಹಾಗೆಯೇ ಬೇರೆಯಾಗಬೇಕು.

ಹೊಳೆದಂಡೆಯವರು ಪುನರ್ವಸು, ಪುಷ್ಯ ಮಳೆಗಳಲ್ಲಿ ದಿನವೂ ಅಣೆಕಟ್ಟೆಯ ಹೊರಹರಿವು ಗಮನಿಸಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಆದರೆ ನಿಮ್ಮ ಮನೆಗೆ ಬೇಕಾದ ಲೆಕ್ಕ ಯಾವ ಪತ್ರಿಕೆಯಲ್ಲೂ ಸಿಗದು. ನೀರು ಬಂದ ವರ್ಷ ಗೋಡೆಯ ಮೇಲೆ ಅದರ ಮಟ್ಟಕ್ಕೆ ಗೆರೆ ಎಳೆದು, ಅಂದಿನ ಹೊರಹರಿವನ್ನೂ ತಾರೀಖನ್ನೂ ಪಕ್ಕದಲ್ಲಿ ಬರೆದಿಡಿ. ಮುಂದಿನ ಸಲ ಸುದ್ದಿ ಕೇಳಿದೊಡನೆ ಏನು ಕಾದಿದೆ ಎಂಬ ಅಂದಾಜು ಸಿಗುತ್ತದೆ. ಮನೆ ಬಿಡಿ ಎಂದು ಅಧಿಕಾರಿಗಳು ಹೇಳಿದರೆ ಪಾತ್ರೆ ಪಗಡೆಗಾಗಿ ಕಾಯಬೇಡಿ. ಆಧಾರ್, ರೇಷನ್ ಕಾರ್ಡು, ಮನೆಪತ್ರ, ದಿನದ ಮಾತ್ರೆ ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಕಾಳಜಿ ಕೇಂದ್ರಕ್ಕೆ ಹೊರಡಿ.

ದಾವಣಗೆರೆಯವರ ತಯಾರಿ ಯುಗಾದಿ ಕಳೆದ ಕೂಡಲೇ ಮುಗಿದಿರಬೇಕು. ಹಳೆಯ ಅಕ್ಕಿಚೀಲಗಳಲ್ಲಿ ಅರ್ಧದಷ್ಟೇ ಮರಳು ತುಂಬಿ. ಪೂರ್ತಿ ತುಂಬಿದ ಚೀಲಗಳು ಒಂದಕ್ಕೊಂದು ಒತ್ತಿ ಕೂರುವುದಿಲ್ಲ. ಬಾಗಿಲಿಗೆ ಮೊದಲು ತಾಡಪಾಲು ಹಾಸಿ, ಅದರ ಮೇಲೆ ಇಟ್ಟಿಗೆ ಕಟ್ಟಿದಂತೆ ಸಂದು ತಪ್ಪಿಸಿ ಚೀಲ ಜೋಡಿಸಿ. ಇಷ್ಟು ಮಾಡಿದರೂ ಹಲವರ ಮನೆಗೆ ನೀರು ಬರುವುದು ಹಿಂದಿನಿಂದ, ಬಚ್ಚಲ ಮತ್ತು ಶೌಚದ ಕೊಳವೆಯಿಂದ. ಅಲ್ಲೂ ಬಟ್ಟೆ ತುರುಕಿ ಒಂದೊಂದು ಮರಳುಚೀಲ ಹೇರಿ. ಕೆಳಗಿರುವ ಪ್ಲಗ್ ಪಾಯಿಂಟುಗಳನ್ನು ಎದೆಮಟ್ಟಕ್ಕೆ ಏರಿಸಿಕೊಳ್ಳುವುದು ಒಳ್ಳೆಯ ಖರ್ಚು. ನೀರು ಒಳಬರುವ ಸೂಚನೆ ಕಂಡರೆ ಕೈ ಒಣಗಿರುವಾಗಲೇ ಮೇನ್ ಸ್ವಿಚ್ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ. ನೀರು ತುಂಬಿದ ರೈಲ್ವೆ ಕೆಳಸೇತುವೆಗೆ ಬೈಕು ಇಳಿಸಲೇಬೇಡಿ. ರಭಸವಾಗಿ ಹರಿಯುವ ಮೊಣಕಾಲುದ್ದದ ನೀರು ಗಟ್ಟಿ ಆಳನ್ನೂ ಕೆಡವುತ್ತದೆ.

ನೀರು ಇಳಿದ ಮೇಲೆ ಅವಸರ ಬೇಡ. ನೆನೆದ ಮಣ್ಣಿನ ಗೋಡೆ ಮಳೆ ನಿಂತ ಮೇಲೂ ಕುಸಿಯುವುದುಂಟು. ಅದರ ಬುಡದಲ್ಲಿ ಮಲಗಬೇಡಿ. ಸಂಪಿಗೆ ಕೊಳಕು ನೀರು ಸೇರಿದ್ದರೆ ಪೂರ್ತಿ ಖಾಲಿ ಮಾಡಿ ಬ್ಲೀಚಿಂಗ್ ಪುಡಿಯಿಂದ ತೊಳೆಯಿರಿ, ಕುಡಿಯುವ ನೀರು ಕುದಿಸಿ. ಬರಿಗಾಲಲ್ಲಿ ಕೆಸರು ತುಳಿದರೆ ಇಲಿಜ್ವರ ತಗಲುವ ಅಪಾಯವಿದೆ. ಗುಡಿಸುವ ಮೊದಲು ಹಾನಿಯ ಫೋಟೊ ತೆಗೆದಿಟ್ಟು, ಕಂದಾಯ ಸಿಬ್ಬಂದಿಗೆ ತಿಳಿಸಿ ಪಂಚನಾಮೆ ಮಾಡಿಸಿ. ಜಿಲ್ಲಾ ಸಹಾಯವಾಣಿ 1077.

ಹೊಸದಾಗಿ ಸೈಟು ಕೊಳ್ಳುವವರಲ್ಲಿ ಒಂದು ವಿನಂತಿ: ಹಳೆಯ ಗ್ರಾಮನಕ್ಷೆ ತರಿಸಿ, ಹಳ್ಳ, ಕೆರೆಯಂಗಳ, ರಾಜಕಾಲುವೆ ಎಲ್ಲಿದ್ದವು ಎಂದು ನೋಡಿ. ನೀರಿನ ದಾರಿಯಲ್ಲಿರುವ ಜಾಗ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ.