ಹಳೆಯ ಸೋಡಾ ಯಂತ್ರದ ಬೆಲೆ ಎಲ್ಲಿದೆ?

ಗೋಲಿಯನ್ನು ಒತ್ತಿ ಸೋಡಾ ತೆರೆದುಕೊಡುವ ಅಂಗಡಿಯವನನ್ನು ನಾವೆಲ್ಲ ಬಲ್ಲೆವು. 1950ರ ದಶಕದ ಅಮೆರಿಕದಲ್ಲಿ, ಪೆಟ್ರೋಲ್ ಬಂಕು ಕಾರ್ಖಾನೆಗಳಲ್ಲಿ, ಆ ಕೆಲಸಕ್ಕೆ ಮನುಷ್ಯನೇ ಬೇಕಿರಲಿಲ್ಲ. ಭುಜದೆತ್ತರದ ಕೆಂಪು ಪೆಟ್ಟಿಗೆಯೊಂದು ನಿಂತಿರುತ್ತಿತ್ತು. ಸೀಳಿನಲ್ಲಿ ನಾಣ್ಯ ಹಾಕಿ ಹಿಡಿಕೆ ತಿರುಗಿಸಿದರೆ ತಣ್ಣನೆಯ ಸೀಸೆಯೊಂದು ಕೈಗೆ ಬರುತ್ತಿತ್ತು. ಈಗ ಅವು ಸಂಗ್ರಾಹಕರ ಸೊತ್ತು. ಅಲ್ಲಿ ನೆಲೆಸಿರುವ ನಿಮ್ಮ ಮಗನೋ ಮಗಳೋ ಅಂಥದೊಂದನ್ನು ಕೊಳ್ಳಲು ಮನಸ್ಸು ಮಾಡಿದರೆ ಈ ಮಾತುಗಳು ಉಪಯೋಗಕ್ಕೆ ಬಂದಾವು.

ಮೊದಲು ಯಂತ್ರವನ್ನು ಗುರುತಿಸಬೇಕು. ಬಾಗಿಲ ಮೇಲೆ ಕೋಕಾ-ಕೋಲಾ ಎಂದು ಬರೆದಿದ್ದರೆ ಅದು ಪಾನೀಯದ ಹೆಸರು, ಯಂತ್ರದ್ದಲ್ಲ. ಯಂತ್ರ ಮಾಡಿದವರು ಬೇರೆ: ಕಾನ್ಸಾಸ್ ಸಿಟಿಯ ವೆಂಡೊ, ಫ್ರೆಸ್ನೊ ನಗರದ ವೆಂಡೊರ್‌ಲೇಟರ್, ಚಟ್ಟನೂಗದ ಕ್ಯಾವಲಿಯರ್ ಮುಂತಾದವರು. ಅವರ ಹೆಸರು, ಮಾದರಿ, ಕ್ರಮಸಂಖ್ಯೆಗಳನ್ನು ಪುಟ್ಟ ಲೋಹದ ಫಲಕದಲ್ಲಿ ಹುಡುಕಬೇಕು. ಮಾದರಿಯ ಅಂಕಿಯೂ ಕೆಲವೊಮ್ಮೆ ಅರ್ಥವುಳ್ಳದ್ದು. ‘ವೆಂಡೊ 39’ ಎಂದರೆ 39 ಸೀಸೆ ವಿತರಿಸುವ ಯಂತ್ರ.

ಮುಂದೆ ನಾಣ್ಯದ ಸೀಳನ್ನು ನೋಡಿರಿ. 1886ರಲ್ಲಿ 5 ಸೆಂಟಿಗೆ ಮಾರಾಟಕ್ಕೆ ಬಂದ ಕೋಕಾ-ಕೋಲಾ ಸುಮಾರು 70 ವರ್ಷ ಅದೇ ಬೆಲೆಯಲ್ಲಿ ಉಳಿಯಿತು. ಅದಕ್ಕೆ ಒಂದು ಕಾರಣ ಈ ಯಂತ್ರವೇ. ಅದು ಬಲ್ಲದ್ದು ಒಂದೇ ನಾಣ್ಯ. 6 ಸೆಂಟು ಮಾಡೋಣವೆಂದರೆ ಎರಡು ನಾಣ್ಯ ಬೇಕು. 10 ಮಾಡೋಣವೆಂದರೆ ಬೆಲೆ ಇಮ್ಮಡಿ! 1953ರಲ್ಲಿ ಕಂಪೆನಿಯ ಹಿರಿಯ ರಾಬರ್ಟ್ ವುಡ್ರಫ್ ಏಳೂವರೆ ಸೆಂಟಿನ ಹೊಸ ನಾಣ್ಯಕ್ಕಾಗಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನೇ ಕೋರಿದರು. ಆ ನಾಣ್ಯ ಬರಲೇ ಇಲ್ಲ. ಇಷ್ಟು ಕಥೆ ಹೊತ್ತ ನಾಣ್ಯದ ಭಾಗವನ್ನು ಕಿತ್ತೆಸೆದರೆ ಉಳಿಯುವುದು ಬರಿಯ ತಂಪುಪೆಟ್ಟಿಗೆ.

ಬೆಲೆ ಕಟ್ಟುವಾಗ ಹೊಳಪಿಗೆ ಮರುಳಾಗಬಾರದು. ಭಾಗಗಳೆಲ್ಲ ಮೂಲದವೇ? ತಳ ತುಕ್ಕು ತಿಂದಿದೆಯೇ? ಒಂದು ಸಣ್ಣ ಅಯಸ್ಕಾಂತವನ್ನು ಮೈಮೇಲೆ ಆಡಿಸಿರಿ. ಅದು ಹಿಡಿಯದ ಕಡೆ ಬಣ್ಣದ ಕೆಳಗೆ ಮೆತ್ತಿದ ಲಪ್ಪವಿರಬಹುದು. ಮಾರುವವರು ಹೇಳುವ ಬೆಲೆಗಿಂತ, ಅದೇ ಮಾದರಿ ನಿಜವಾಗಿ ಮಾರಾಟವಾದ ಬೆಲೆಯೇ ಸರಿಯಾದ ಅಳತೆ.

ದುರಸ್ತಿಗೆ ಅವಸರ ಬೇಡ. ಬಿಚ್ಚುವ ಮುನ್ನ ಪ್ರತಿಯೊಂದು ಭಾಗದ ಚಿತ್ರ ತೆಗೆದುಕೊಳ್ಳಿರಿ. ಹಳೆಯ ತಂತಿಯ ರಬ್ಬರು ಬಿರುಕು ಬಿಟ್ಟಿರುತ್ತದೆ. ಲೋಹದ ಮೈಗೆ ವಿದ್ಯುತ್ ಹರಿದರೆ ಪ್ರಾಣಕ್ಕೇ ಅಪಾಯ. ಬಲ್ಲವರಿಂದ ತಂತಿ ಬದಲಿಸಿ, ಭೂಸಂಪರ್ಕ ಕೊಡಿಸದೆ ಚಾಲೂ ಮಾಡಬೇಡಿರಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಒಣದಾಗಿ ಉಜ್ಜಬಾರದು, ಮಕ್ಕಳನ್ನು ದೂರವಿಡಬೇಕು. ತಂಪು ಮಾಡುವ ಆರ್-12 ಅನಿಲ ಓಜೋನ್ ಪದರಕ್ಕೆ ಹಾನಿಕರ. 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಅದರ ತಯಾರಿಕೆ ನಿಂತಿದೆ. ಆ ಕೊಳವೆಗಳನ್ನು ನುರಿತವರೇ ಮುಟ್ಟಲಿ. ಊರಿಗೆ ತರುವುದಾದರೆ ಇನ್ನೊಂದು ಮಾತು: ಅದು 115 ವೋಲ್ಟಿನ ಯಂತ್ರ, ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ.

ಮೂಲ ಬಣ್ಣ ಮಾಸಿದ್ದರೂ ಗಟ್ಟಿಯಾಗಿದ್ದರೆ ಒರೆಸಿ ಹಾಗೆಯೇ ಬಿಡಿರಿ. ಹೊಸ ಬಣ್ಣವನ್ನು ಯಾವಾಗ ಬೇಕಾದರೂ ಬಳಿಯಬಹುದು. ಕೆರೆದುಹಾಕಿದ ಹಳೆಯದು ಮತ್ತೆ ಬಾರದು.