ಕೋಷ್ಟಕಕ್ಕೂ ವ್ಯಾಕರಣವಿದೆ

ಔಷಧದ ಪ್ರಮಾಣ ತಿಳಿಸುವ ಕೋಷ್ಟಕವೊಂದನ್ನು ಊಹಿಸಿಕೊಳ್ಳಿ. ‘5’ ಎಂಬ ಅಂಕಿಯನ್ನು ಕಂಡ ನಾವು ಮೇಲಕ್ಕೂ ಎಡಕ್ಕೂ ಕಣ್ಣು ಹಾಯಿಸಿ, ಅದು ಯಾವ ಔಷಧ, ಯಾವ ವಯಸ್ಸಿನವರಿಗೆ ಎಂದು ತಿಳಿಯುತ್ತೇವೆ. ಕಂಪ್ಯೂಟರ್ ಓದಿ ಹೇಳುವುದನ್ನು ಕೇಳುವ ದೃಷ್ಟಿ ಇಲ್ಲದವರಿಗೆ ಬರೀ ‘ಐದು’ ಕೇಳಿಸಿದರೆ ಏನು ಪ್ರಯೋಜನ?

ಇದಕ್ಕೆ ಉತ್ತರ ಎಚ್‌ಟಿಎಂಎಲ್ ಎಂಬ ಗುರುತು ಭಾಷೆಯಲ್ಲಿದೆ. ಅದರಲ್ಲಿ ‘ಟೇಬಲ್’ ಎಂದರೆ ಇಡೀ ಕೋಷ್ಟಕ, ‘ಟಿಆರ್’ ಒಂದು ಅಡ್ಡಸಾಲು, ‘ಟಿಡಿ’ ಮಾಹಿತಿಯ ಮನೆ, ‘ಟಿಎಚ್’ ತಲೆಬರಹದ ಮನೆ. 1997ರ ನಾಲ್ಕನೆಯ ಆವೃತ್ತಿಯಲ್ಲಿ ಸೇರಿದ ‘ಸ್ಕೋಪ್’, ಆ ತಲೆಬರಹ ಅಡ್ಡಸಾಲಿನದೋ ಕಂಬಸಾಲಿನದೋ ಎಂದು ಸ್ಪಷ್ಟಪಡಿಸುತ್ತದೆ. ಆಗ ಓದುವ ತಂತ್ರಾಂಶ ಅಂಕಿಯೊಡನೆ ತಲೆಬರಹವನ್ನೂ ಹೇಳಬಲ್ಲದು.

ಅಕ್ಷರ ದಪ್ಪ ಮಾಡಿದ ಮಾತ್ರಕ್ಕೆ ತಲೆಬರಹವಾಗದು. ಕೈಪಿಡಿ ಬರೆಯುವವರೇ, ಮೊದಲು ಅರ್ಥವನ್ನು ಗುರುತಿಸಿ; ಅಲಂಕಾರ ಆಮೇಲಿರಲಿ.