ಭೂಮಿಯ ಅಳತೆಗಳಿಗೊಂದು ಕಣಜ

ಕೆಂಗೇರಿಯ ಬಯಲಿನಲ್ಲಿ ನಾವು ದಿಕ್ಸೂಚಿಯನ್ನು ಹಿಡಿದರೆ ಅದರ ಮುಳ್ಳು ಉತ್ತರಕ್ಕೆ ತಿರುಗುತ್ತದೆ. ಅದನ್ನು ತಿರುಗಿಸುವ ಭೂಕಾಂತ ಕ್ಷೇತ್ರದ ತೀವ್ರತೆ ಇಲ್ಲಿ ಸುಮಾರು 40,000 ನ್ಯಾನೋಟೆಸ್ಲಾ. ನೆಲದಡಿಯ ಶಿಲೆಯಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು ಹೆಚ್ಚಾಗಿದ್ದರೆ ಈ ತೀವ್ರತೆಯು ತುಸು ಬದಲಾಗುತ್ತದೆ. ಆ ವ್ಯತ್ಯಾಸವನ್ನು ಅಳೆದು, ನೆಲವನ್ನು ಅಗೆಯದೆಯೇ ಒಳಗಿನ ರಚನೆಯನ್ನು ತರ್ಕಿಸುವುದು ಭೂಭೌತವಿಜ್ಞಾನಿಯ ಕಾರ್ಯ.

ಆದರೆ ಅಳತೆಯೆಂದರೆ ಬರಿಯ ಅಂಕಿಯಲ್ಲ. ಸೂರ್ಯನ ಪ್ರಭಾವದಿಂದ ಮೇಲಣ ವಾಯುಮಂಡಲದಲ್ಲಿ ವಿದ್ಯುತ್ತು ಹರಿಯುವ ಕಾರಣ, ಒಂದೇ ಸ್ಥಳದಲ್ಲಿ ಮುಂಜಾನೆಗೂ ನಡುಹಗಲಿಗೂ ಹತ್ತಾರು ನ್ಯಾನೋಟೆಸ್ಲಾಗಳ ಅಂತರವಿರುತ್ತದೆ. ಆದುದರಿಂದ ಸ್ಥಳ, ದಿನ, ವೇಳೆ, ಉಪಕರಣ ಇವುಗಳ ವಿವರವಿಲ್ಲದ ಅಳತೆಯು ವಿಳಾಸವಿಲ್ಲದ ಕಾಗದದಂತೆ ನಿರುಪಯುಕ್ತವಾದುದು.

ಕಳೆದುಹೋದರೆ ಮತ್ತೆ ಅಳೆಯಬಾರದೆ? ಅದು ಅಷ್ಟು ಸುಲಭವಲ್ಲ. 2021ರ ಆಗಸ್ಟಿನಲ್ಲಿ ಕೆಂಗೇರಿಗೆ ಮೆಟ್ರೋ ರೈಲು ಬಂದಿತು. ಅದನ್ನು ನಡೆಸುವ ವಿದ್ಯುತ್ತು, ಸುತ್ತಲಿನ ಕಟ್ಟಡಗಳ ಕಬ್ಬಿಣ, ಇವು ಸೂಕ್ಷ್ಮವಾದ ಕಾಂತಮಾಪಕವನ್ನು ಕದಡುತ್ತವೆ. ರಾಜಾಜಿನಗರ, ವಿಜಯನಗರಗಳಲ್ಲಿಯೂ ಇದೇ ಸ್ಥಿತಿ. ಊರು ಬೆಳೆಯುವ ಮುನ್ನ ಪಡೆದ ಅಂಕಿಗಳು ಹೋದರೆ ಹೋದಂತೆಯೇ.

ಇಂತಹ ನಷ್ಟವನ್ನು ತಡೆಯಬಲ್ಲ ಕಣಜವೊಂದು ಈಗ ನಮಗಿದೆ. ಕೇಂದ್ರ ಗಣಿ ಸಚಿವಾಲಯವು 2023ರ ಡಿಸೆಂಬರ್ 19ರಂದು ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರವನ್ನು ಅಂತರ್ಜಾಲದಲ್ಲಿ ತೆರೆಯಿತು. 1851ರಲ್ಲಿ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಭೂರಚನೆ, ಭೂರಸಾಯನ, ಭೂಭೌತ ಮಾಹಿತಿಗಳನ್ನು ಅಲ್ಲಿ ನಕ್ಷೆಯ ಮೇಲೆ ಕಾಣಬಹುದು. ಅದಿರಿಗಾಗಿ ಒಬ್ಬರು ಅಳೆದುದನ್ನು ಅಂತರ್ಜಲಕ್ಕಾಗಿ ಮತ್ತೊಬ್ಬರು ಓದಬಹುದು.

ಕಣಜ ತುಂಬುವುದು ಕಾಳು ಕಾಳಿನಿಂದ. ನಮ್ಮ ಪ್ರಯೋಗಶಾಲೆಯ ಪುಸ್ತಕದಲ್ಲಿ ಅಂಕಿಯ ಪಕ್ಕದಲ್ಲಿ ದಿನ, ವೇಳೆಗಳನ್ನು ಬರೆಯುವ ಅಭ್ಯಾಸವನ್ನು ನಾವು ಇಂದೇ ಬೆಳೆಸಿಕೊಳ್ಳೋಣ.